ಎಡಗಡೆ ಹಿಂದಿನ ಸ್ಪೀಕರ್

ಕಂಪ್ಲಿಯ ಅಕ್ಕಿ ಗಿರಣಿಯ ಮನೋಹರ್ ಫೋನ್ ಮಾಡಿದ್ದು ಸೋಮವಾರ ಸಂಜೆ.

"ಗಿರೀಶ, ಕಂಪ್ಯೂಟರ್ ಫಾರ್ಮ್ಯಾಟ್ ಹೊಡಿಸಿದ ಮ್ಯಾಲೆ ನೀ ಕೂಡ್ರಿಸಿದ ಸ್ಪೀಕರ್‌ನಾಗ ಎರಡೇ ಹಾಡಾಕತ್ತಾವು. ಉಳಿದವು ಸುಮ್ನ ಕುಂತಾವು. ಅವ್ವ ದಿನಾ ಬೈತಾಳ. ನಾಳಿ ಬಂದು ಹೋಗಪ್ಪ."

"ಡ್ರೈವರ್ ಹೋಗಿರ್ತೈತಿ ಅಣ್ಣ. ಅರ್ಧ ತಾಸಿನ ಕೆಲಸ. ಬೆಳಿಗ್ಗಿ ಬರ್ತೀನಿ" ಅಂದ ಗಿರೀಶ.

ಗಿರೀಶ ಹುಟ್ಟಿದ್ದು ಬುಕ್ಕಸಾಗರದಲ್ಲಿ, ಈಗ ಮನೆ ಹೊಸಪೇಟೆಯಲ್ಲಿ. ಅಲ್ಲಿ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಅವನದೊಂದು ಸಣ್ಣ ಕಂಪ್ಯೂಟರ್ ಅಂಗಡಿ. ಅದಕ್ಕೂ ಮೊದಲು ಹನ್ನೊಂದು ವರ್ಷ ಊರೂರಿನ ಟಾಕೀಸುಗಳಲ್ಲಿ ಸೌಂಡ್ ಬಾಕ್ಸು ರಿಪೇರಿ ಮಾಡಿಕೊಂಡಿದ್ದ. ಟಾಕೀಸುಗಳು ಒಂದೊಂದಾಗಿ ಮುಚ್ಚಿದ ಮೇಲೆ ಉಳ್ಳವರ ಮನೆಗಳಿಗೆ ಹೋಗಿ ಕಂಪ್ಯೂಟರಿಗೆ ಐದು ಸ್ಪೀಕರ್, ಒಂದು ದೊಡ್ಡ ಬಾಸ್ ಡಬ್ಬಿ ಜೋಡಿಸುವ ಕೆಲಸ ಹಿಡಿದ. ಬಾಗಿಲ ಹತ್ತಿರ ನಿಂತೇ ಯಾವ ಸ್ಪೀಕರಿನ ವೈರು ಸಡಿಲಾಗಿದೆ ಎಂದು ಹೇಳುತ್ತಿದ್ದ. 'ಗಿರೀಶನ ಕಿವಿ ಅಂದ್ರ ಕಿವಿ' ಎಂದು ಜನ ಅನ್ನುತ್ತಿದ್ದರು. ಅವನು ತಾನಾಗಿ ಹೇಳಿಕೊಳ್ಳುತ್ತಿರಲಿಲ್ಲ, ಬೇರೆಯವರು ಹೇಳಿದಾಗ ಕೇಳಿಸಿಕೊಳ್ಳುವುದು ಇಷ್ಟ.

ಮಂಗಳವಾರ ಎದ್ದಾಗ ಎಡಗಿವಿ ಕಟ್ಟಿದ ಹಾಗಿತ್ತು. ಒಳಗೆ ಹತ್ತಿ ತುರುಕಿದಂತೆ, ಅದರಾಚೆ ಎಲ್ಲೋ ಫ್ರಿಜ್ಜು ಗುಂಯ್ ಅನ್ನುವಂಥ ಸದ್ದು. ಹೆಂಡತಿ ತುಳಸಿ ಒಲೆಯ ಹತ್ತಿರದಿಂದ ಏನೋ ಕೇಳಿದಳು. ಇವನು "ಏನಂದಿ?" ಎಂದ. ಅವಳು ಮತ್ತೆ ಹೇಳಿದಳು. ಇವನು ಮತ್ತೆ "ಏನಂದಿ?" ಎಂದ.

"ಕಿವ್ಯಾಗ ಏನು ಇಟ್ಕೊಂಡೀರಿ?"

"ಭಾನುವಾರ ತಲಿಗೆ ಹಾಕ್ಕೊಂಡ ನೀರು ನಿಂತೈತಿ ನೋಡು." ಕಿರುಬೆರಳು ಹಾಕಿ ಅಲುಗಾಡಿಸಿದ.

"ಬೆಳ್ಳುಳ್ಳಿ ಕಾಸಿ ಎರಡು ಹನಿ ಎಣ್ಣಿ ಬಿಡ್ತೀನಿ, ಕುಂದ್ರಿ."

"ಬಂದ ಮ್ಯಾಲೆ ಬಿಡು. ಟೈಮಿಲ್ಲ."

ಮೆಟ್ಟಿಲು ಇಳಿಯುವಾಗ ಒಮ್ಮೆ ತಲೆ ತೂಗಿದಂತಾಗಿ ಗೋಡೆ ಹಿಡಿದ. ಹೊಟ್ಟೆ ಖಾಲಿ ಇದೆ, ಅದಕ್ಕೇ ಇರಬೇಕು ಅಂದುಕೊಂಡ. ಬೈಕು ಹತ್ತಿ ಕಮಲಾಪುರ ದಾಟಿ ಕಂಪ್ಲಿ ದಾರಿ ಹಿಡಿದ. ಬುಕ್ಕಸಾಗರದ ಹತ್ತಿರ, ಎಡಗಡೆಯ ಗದ್ದೆ ದಾರಿಯಿಂದ ಕಬ್ಬಿನ ಟ್ರ್ಯಾಕ್ಟರೊಂದು ಸೀದಾ ರಸ್ತೆಗೆ ನುಗ್ಗಿತು. ಗಿರೀಶ ಬ್ರೇಕು ಒತ್ತಿದ ರಭಸಕ್ಕೆ ಬೈಕಿನ ಹಿಂದಿನ ಚಕ್ರ ಅಡ್ಡಡ್ಡ ಜಾರಿ, ಟ್ರ್ಯಾಕ್ಟರಿನ ಮುಂದಿನ ಗಾಲಿಗೆ ಒಂದು ಮೊಳ ಇರುವಾಗ ನಿಂತಿತು.

"ಹಾರ್ನ್ ಹೊಡಿಬೇಕಿಲ್ಲೇನಲೇ?" ಎಂದ ಗಿರೀಶ.

"ಆ ಗಿಡದ ಹತ್ರದಿಂದ ಹೊಡಕೋಂತನ ಬಂದೀನಿ" ಎಂದ ಡ್ರೈವರ್.

ಸುಳ್ಳು ಹೇಳುತ್ತಾನೆ ಅಂದುಕೊಂಡು ಗಿರೀಶ ಗಾಡಿ ಚಾಲೂ ಮಾಡಿದ.

ಕಂಪ್ಲಿಯ ಮನೆ ಮುಟ್ಟಿದಾಗ ಮನೋಹರ್ ಗಿರಣಿಗೆ ಹೋಗಿದ್ದ. ಮನೆಯಲ್ಲಿ ಅವನ ತಾಯಿ ಕೊಟ್ರಮ್ಮ, ಮಗಳು ಸ್ಫೂರ್ತಿ ಇಬ್ಬರೇ. ಸ್ಫೂರ್ತಿ ಡಿಗ್ರಿ ಎರಡನೇ ವರ್ಷದವಳು, ಪರೀಕ್ಷೆಯ ರಜೆಗೆ ಬಂದಿದ್ದಳು. ಕೊಟ್ರಮ್ಮನಿಗೆ ಎಪ್ಪತ್ತೆರಡು. ಮೊಣಕಾಲು ಆಪರೇಷನ್ ಆದ ಮೇಲೆ ಹೊರಗೆ ತಿರುಗಾಟ ಕಡಿಮೆಯಾಗಿ ಕಂಪ್ಯೂಟರಿನಲ್ಲಿ ಕ್ರಿಕೆಟ್ ನೋಡುವುದನ್ನು ಹಚ್ಚಿಕೊಂಡಿದ್ದರು. ಜನ ಸುತ್ತಲಿಂದ ಕೂಗುವ ಸದ್ದು ಅವರಿಗೆ ಬೇಕು.

"ಈಗ ಮ್ಯಾಚ್ ನೋಡಿದ್ರ ಕಿಟಕಿ ಹೊರಗ ಯಾರೋ ಆಡಾಕತ್ತಾರೇನೋ ಅನಸ್ತೈತಪ್ಪ. ಮೊದಲು ಸ್ಟೇಡಿಯಂ ಒಳಗ ಕುಂತಂಗ ಇತ್ತು" ಎಂದರು.

ಗಿರೀಶ ಕಂಪ್ಯೂಟರ್ ಮುಂದೆ ಕೂತು ನೋಡಿದ. ಅಂದುಕೊಂಡಂತೆಯೇ ಇತ್ತು. ಫಾರ್ಮ್ಯಾಟ್ ಮಾಡಿದವನು ಸೌಂಡಿನ ಡ್ರೈವರ್, ಅಂದರೆ ಸ್ಪೀಕರುಗಳಿಗೆ ಸದ್ದು ಹಂಚುವ ಸಾಫ್ಟ್‌ವೇರ್, ಹಾಕದೆ ಬಿಟ್ಟಿದ್ದ. ವಿಂಡೋಸ್ ತನ್ನಲ್ಲಿದ್ದ ಸಾಮಾನ್ಯ ಡ್ರೈವರನ್ನೇ ಹಾಕಿಕೊಂಡು ಎರಡು ಸ್ಪೀಕರಿಗಷ್ಟೇ ಸದ್ದು ಕಳಿಸುತ್ತಿತ್ತು. ಪೆನ್ ಡ್ರೈವಿನಲ್ಲಿ ತಂದಿದ್ದ ಸರಿಯಾದ ಡ್ರೈವರ್ ಹಾಕಿ, ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿದ. ಹಿಂಭಾಗದ ಪಿನ್ನುಗಳನ್ನು ನೋಡಿದ. ಮುಂದಿನ ಜೋಡಿಗೆ ಹಸಿರು, ಹಿಂದಿನ ಜೋಡಿಗೆ ಕಪ್ಪು, ನಡುವಿನದಕ್ಕೂ ಬಾಸಿಗೂ ಕಿತ್ತಳೆ. ಎಲ್ಲ ಅವುಗಳ ಜಾಗದಲ್ಲಿದ್ದವು. ಸೌಂಡ್ ಸೆಟ್ಟಿಂಗಿಗೆ ಹೋಗಿ ಸ್ಟೀರಿಯೋ ತೆಗೆದು, ಐದು ಸ್ಪೀಕರ್ ಒಂದು ಬಾಸಿನ 5.1 ಆರಿಸಿದ. ಪರದೆಯ ಮೇಲೆ ಕೋಣೆಯ ಚಿತ್ರ ಬಂತು, ಸುತ್ತಲೂ ಸ್ಪೀಕರುಗಳು. ಯಾವ ಸ್ಪೀಕರಿನ ಮೇಲೆ ಒತ್ತಿದರೆ ಕೋಣೆಯಲ್ಲಿ ಆ ಸ್ಪೀಕರ್ ಟಿಣ್ ಎನ್ನಬೇಕು.

ಎಡಗಡೆ ಮುಂದಿನದನ್ನು ಒತ್ತಿದ. ಟಿಣ್ ಎಂದದ್ದು ಬಲಗಡೆ.

ಬಲಗಡೆ ಮುಂದಿನದನ್ನು ಒತ್ತಿದ. ಅದೂ ಬಲಗಡೆಯೇ ಎಂದಿತು.

ನಡುವಿನದು ಬಲಕ್ಕೆ. ಹಿಂದಿನ ಎರಡೂ ಬಲಕ್ಕೆ.

"ಎಲ್ಲಾ ಒಂದೇ ಕಡಿ ಬರಾಕತ್ತೈತಲ್ಲ" ಎಂದ.

ಸ್ಫೂರ್ತಿ ಸೋಫಾದಲ್ಲಿ ಕೂತು ಪುಸ್ತಕ ಓದುತ್ತಿದ್ದವಳು ತಲೆಯೆತ್ತಿದಳು. "ಇಲ್ಲಣ್ಣ, ಸರಿ ಐತಿ. ಅಲ್ಲಿ, ಇಲ್ಲಿ, ನಡುವ, ಹಿಂದ. ಎಲ್ಲಾ ಬಂತು."

"ನೀವು ಆ ಕಡಿ ಕುಂತೀರಿ ತಂಗಿ, ಹಂಗ ಅನಸ್ತೈತಿ."

ಅವನು ಹಸಿರು ವೈರಿನ ಎಡ-ಬಲ ಅದಲು ಬದಲು ಮಾಡಿದ. ಮತ್ತೆ ಒತ್ತಿದ. ಸದ್ದು ಬಲಗಡೆಯೇ ಇತ್ತು. ಕಪ್ಪು ವೈರು ಬದಲಿಸಿದ. ಬಲಗಡೆಯೇ.

"ಈಗ ಉಲ್ಟಾ ಆತು ನೋಡಣ್ಣ" ಎಂದಳು ಸ್ಫೂರ್ತಿ.

ಅವನಿಗೆ ಕಿರಿಕಿರಿಯಾಯಿತು. ಡ್ರೈವರೇ ತಪ್ಪು ಎಂದು ನಿರ್ಧರಿಸಿ ಅದನ್ನು ತೆಗೆದು ಹಾಕಿದ. ಹಳೆಯದೊಂದನ್ನು ಹಾಕಿದ. ಅದನ್ನೂ ತೆಗೆದ. ಇಂಟರ್‌ನೆಟ್ಟಿನಿಂದ ಹೊಸದನ್ನು ಇಳಿಸಿದ. ನಾಲ್ಕು ಸಲ ಕಂಪ್ಯೂಟರ್ ಆರಿಸಿ ಹಚ್ಚಿದ. ಅರ್ಧ ತಾಸಿನ ಕೆಲಸ ಎರಡು ತಾಸಾಯಿತು. ಕೊಟ್ರಮ್ಮ ಮಂಡಕ್ಕಿ ಒಗ್ಗರಣಿ, ಮೆಣಸಿನಕಾಯಿ ಬಜ್ಜಿ ತರಿಸಿ ಮುಂದಿಟ್ಟರು. ಅದು ಹಾಗೇ ಆರಿತು.

"ಲೇ ಸ್ಫೂರ್ತಿ, ನೀ ಒತ್ತು, ನಾ ಹೇಳ್ತೀನಿ" ಎಂದರು ಕೊಟ್ರಮ್ಮ. ಸೋಫಾದ ನಟ್ಟನಡುವೆ ಕೂತು ಕಣ್ಣು ಮುಚ್ಚಿದರು. ಸ್ಫೂರ್ತಿ ಒಂದೊಂದನ್ನೇ ಒತ್ತಿದಳು. ಮುದುಕಿಯ ಕೈ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ, ಒಮ್ಮೆ ಬೆನ್ನ ಹಿಂದೆ ಹೋಯಿತು. ಗಿರೀಶ ಎಡ-ಬಲ ಅದಲು ಬದಲು ಮಾಡಿದ್ದನಲ್ಲ, ಆ ಲೆಕ್ಕಕ್ಕೆ ಒಂದೂ ತಪ್ಪಿರಲಿಲ್ಲ. ಅವನು ಅದನ್ನು ನೋಡಿದ. ನೋಡಿಯೂ ಒಪ್ಪಲಿಲ್ಲ.

"ಅಮ್ಮಾರ, ವಯಸ್ಸಾದ ಮ್ಯಾಲೆ ಕಿವಿ ಸ್ವಲ್ಪ ಮೋಸ ಮಾಡ್ತಾವ್ರಿ" ಎಂದ.

ಕೊಟ್ರಮ್ಮ ಕಣ್ಣು ತೆರೆದರು. "ಇರಬೌದಪ್ಪ" ಎಂದರು, ಅಷ್ಟೇ.

ಗಿರೀಶ ಎದ್ದು ಸೋಫಾದ ಹಿಂದೆ ಹೋದ. ಎಡಗಡೆ ಹಿಂದಿನ ಸ್ಪೀಕರ್ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎದೆಮಟ್ಟಕ್ಕಿತ್ತು. ಬಗ್ಗಿ ಅದರ ಜಾಳಿಗೆಗೆ ಎಡಗಿವಿ ಹಚ್ಚಿದ. "ಇದನ್ನ ಒತ್ರಿ ತಂಗಿ."

ಎಲ್ಲೋ ದೂರದಲ್ಲಿ, ಕೋಣೆಯ ಆಚೆ ಬದಿಯಲ್ಲಿ, ಸಣ್ಣಗೆ ಟಿಣ್ ಎಂದಿತು.

"ಒತ್ರಿ."

"ಒತ್ತಾಕತ್ತೀನಣ್ಣ. ಬರಾಕತ್ತೈತಲ್ಲ, ನಿನ್ನ ಕಿವಿಗೇ ಐತಿ."

ಜಾಳಿಗೆ ಕಳಚಿ ಒಳಗಿನ ಕಾಗದದ ಬಟ್ಟಲಿನ ಮೇಲೆ ಬೆರಳಿಟ್ಟ. ಅವಳು ಒತ್ತಿದಳು. ಬೆರಳ ಕೆಳಗೆ ಕಾಗದ ಅದುರಿತು. ಮತ್ತೆ ಒತ್ತಿದಳು, ಮತ್ತೆ ಅದುರಿತು. ಸ್ಪೀಕರ್ ಹಾಡುತ್ತಿತ್ತು. ಅದರ ಪಕ್ಕದಲ್ಲೇ ಇದ್ದ ಅವನ ಎಡಗಿವಿಯಲ್ಲಿ ಏನೂ ಇರಲಿಲ್ಲ.

ಅವನು ನೆಟ್ಟಗೆ ನಿಂತು ಬಲಗಿವಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿಕೊಂಡ.

ಮನೆಯ ಸದ್ದೆಲ್ಲ ಆರಿಹೋಯಿತು. ಮೇಲಿನ ಫ್ಯಾನು ತಿರುಗುತ್ತಿತ್ತು, ಸದ್ದಿಲ್ಲ. ಕೊಟ್ರಮ್ಮನ ತುಟಿ ಅಲುಗುತ್ತಿತ್ತು, ಸದ್ದಿಲ್ಲ. ಆ ಫ್ರಿಜ್ಜಿನ ಗುಂಯ್ ಒಂದೇ ತಲೆಯೊಳಗೆ ಉಳಿದಿತ್ತು. ಬೆರಳು ತೆಗೆದ. ಫ್ಯಾನು, ರಸ್ತೆಯ ಆಟೋ, ಕೊಟ್ರಮ್ಮನ ಮಾತು ಎಲ್ಲ ಒಟ್ಟಿಗೆ ಬಲಗಡೆಯಿಂದ ಒಳಬಂದವು. ಮತ್ತೆ ಮುಚ್ಚಿದ. ಆರಿತು. ತೆಗೆದ. ಮುಚ್ಚಿದ. ಐದಾರು ಸಲ ಹೀಗೆ ಮಾಡಿದ. ಇದೂ ಏನೋ ಟೆಸ್ಟು ಇರಬೇಕೆಂದು ಸ್ಫೂರ್ತಿ ಸುಮ್ಮನೆ ನೋಡುತ್ತಿದ್ದಳು.

ಅವನು ಸ್ಟ್ಯಾಂಡಿನ ಪಕ್ಕ ನೆಲದ ಮೇಲೆ ಕೂತುಬಿಟ್ಟ.

"ಯಾಕಪ್ಪ, ಕರೆಂಟ್ ಹೊಡೀತೇನು?" ಕೊಟ್ರಮ್ಮ ಕೋಲು ಹಿಡಿದು ಎದ್ದು ಬಂದರು.

"ಅಮ್ಮಾರ, ಎಡಗಿವಿ ಇಲ್ರಿ."

"ಏನಂದಿ?"

"ಕೇಳವಲ್ದು. ಏನೂ ಕೇಳವಲ್ದು. ಸ್ಪೀಕರ್ ಸರಿ ಐತಿ, ಡ್ರೈವರ್ ಸರಿ ಐತಿ. ಮೊದಲಿಂದ ಎಲ್ಲಾ ಸರಿ ಇತ್ತು."

ಕೊಟ್ರಮ್ಮ ಅವನ ಎಡಗಡೆಗೆ ಬಂದು ಕಿವಿಯ ಹತ್ತಿರ ಚಿಟಿಕೆ ಹೊಡೆದರು. ಅವನು ಬಲಕ್ಕೆ, ಬಾಗಿಲ ಕಡೆ ನೋಡಿದ. ಇನ್ನೊಮ್ಮೆ ಹೊಡೆದರು. "ಯಾವಾಗಿಂದಪ್ಪ ಇದು?"

"ಬೆಳಿಗ್ಗಿ ಎದ್ದಾಗ ಕಟ್ಟಿದಂಗ ಇತ್ರಿ. ನೀರು ನಿಂತೈತಿ ಅಂತ ಬಂದೆ." ಹೇಳುವಾಗಲೇ ಬುಕ್ಕಸಾಗರದ ಟ್ರ್ಯಾಕ್ಟರ್ ಅವನ ಕಣ್ಣ ಮುಂದೆ ನಿಂತಿತು. ಆ ಡ್ರೈವರ್ ಗಿಡದ ಹತ್ತಿರದಿಂದಲೇ ಹಾರ್ನ್ ಹೊಡೆದಿದ್ದ. ಹೊಡೆಯುತ್ತಲೇ ಬಂದಿದ್ದ.

ಸ್ಫೂರ್ತಿ ಅಷ್ಟರಲ್ಲಿ ಫೋನಿನಲ್ಲಿ ಏನನ್ನೋ ಹುಡುಕಿ ಓದುತ್ತಿದ್ದಳು. "ಅಜ್ಜಿ, ಇದನ್ನ ಇವತ್ತೇ ತೋರಿಸ್ಬೇಕಂತ. ತಡ ಮಾಡಿದ್ರ ಹೋದದ್ದು ಬರಂಗಿಲ್ಲಂತ."

"ನಿಮ್ಮಪ್ಪಗ ಫೋನ್ ಹಚ್ಚು. ಕಾರು ತಗೊಂಡು ಜಲ್ದಿ ಬಾ ಅನ್ನು" ಎಂದರು ಕೊಟ್ರಮ್ಮ. ಗಿರೀಶ ವೈರುಗಳ ಕಡೆ ಕೈ ಚಾಚಿದ್ದನ್ನು ನೋಡಿ, "ಕೆಲಸ ಬಿಡಪ್ಪ, ಹಾಳಾಗಿ ಹೋಗ್ಲಿ" ಎಂದರು.

"ನಾನೇ ಉಲ್ಟಾ ಮಾಡೀನ್ರಿ. ಅಷ್ಟು ಸರಿ ಮಾಡ್ತೀನಿ." ಹಸಿರು, ಕಪ್ಪು ವೈರುಗಳನ್ನು ಮೊದಲಿನಂತೆ ಹಾಕಿದ. ಎರಡು ಸ್ಪೀಕರಿನ ಸದ್ದನ್ನು ಐದಕ್ಕೂ ಹಂಚುವ ಆಯ್ಕೆಯೊಂದನ್ನು ಹಚ್ಚಿದ. ಕೊನೆಗೆ ಒಂದೊಂದೇ ಸ್ಪೀಕರನ್ನು ಒತ್ತಿ, ಕೊಟ್ರಮ್ಮನ ಮುಖ ನೋಡಿದ. "ಎಲ್ಲಿಂದ ಬರಾಕತ್ತೈತಿ ಹೇಳ್ರಿ ಅಮ್ಮಾರ." ಅವರು ಹೇಳಿದರು. ಅವನು ತಲೆಯಾಡಿಸಿದ. "ನಿಮಗ ವಯಸ್ಸಾಗೈತಿ ಅಂದೆ. ತಪ್ಪಾತ್ರಿ."

"ಅದನ್ನೆಲ್ಲಾ ಈಗ ಎದಕ ತಗೀತಿ? ಏಳು, ಕಾರು ಬಂತು."

ಹೊಸಪೇಟೆಯ ಕಿವಿ ಡಾಕ್ಟರು ನಡುವಯಸ್ಸಿನ ಹೆಂಗಸು. ಸಣ್ಣ ದೀಪ ಬಿಟ್ಟು ಕಿವಿಯೊಳಗೆ ನೋಡಿದರು. ಬಡಿದರೆ ಸದ್ದು ಮಾಡುವ ಲೋಹದ ಕವಲುಗಡ್ಡಿಯೊಂದನ್ನು ತಮ್ಮ ಮೊಣಕೈಗೆ ಬಡಿದು ಅವನ ಹಣೆಯ ನಡುವೆ ಇಟ್ಟರು. "ಯಾವ ಕಡೆ ಕೇಳುತ್ತೆ?" ಬಲಕ್ಕೆ ಎಂದ. ಅವರು ಗಡ್ಡಿಯನ್ನು ಟೇಬಲ್ ಮೇಲಿಟ್ಟ ರೀತಿಯಿಂದಲೇ ಅವನಿಗೆ ಏನೋ ತಿಳಿಯಿತು.

ಗಾಜಿನ ಕಿಟಕಿಯಿದ್ದ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಬಲಗಿವಿಯ ಪಾಳಿಯಲ್ಲಿ ಅವನ ಹೆಬ್ಬೆರಳಿಗೆ ಪುರುಸೊತ್ತಿರಲಿಲ್ಲ. ಎಡಗಿವಿಯ ಪಾಳಿ ಯಾವಾಗ ಶುರುವಾಗುತ್ತದೆ ಎಂದು ಕಾದ. ಕಾಯುತ್ತಲೇ ಇದ್ದ. ಕಿಟಕಿಯಾಚೆ ಟೆಕ್ನೀಷಿಯನ್ ಹುಡುಗಿ ಯಂತ್ರದ ನಾಬ್ ತಿರುಗಿಸುತ್ತಾ, ಬರೆದುಕೊಳ್ಳುತ್ತಾ, ಮತ್ತೆ ತಿರುಗಿಸುತ್ತಿರುವುದನ್ನು ನೋಡಿ, ಪಾಳಿ ಆಗಲೇ ಮುಗಿಯುತ್ತ ಬಂದಿದೆ ಎಂದು ಅರ್ಥವಾಯಿತು. ಹೆಬ್ಬೆರಳು ಗುಂಡಿಯ ಮೇಲೆ ಹಾಗೇ ಇತ್ತು.

ತುಳಸಿ ಆಟೋ ಹಿಡಿದು ಬಂದಿದ್ದಳು. ಡಾಕ್ಟರು ಗೆರೆ ಎಳೆದ ಕಾಗದವನ್ನು ಇಬ್ಬರ ಮುಂದೆ ಇಟ್ಟರು. ಬಲಗಿವಿಯ ಗೆರೆ ಮೇಲೆ ನೆಟ್ಟಗಿತ್ತು. ಎಡಗಿವಿಯದು ಕಾಗದದ ಕೆಳಗಿನ ಅಂಚಿನಲ್ಲಿತ್ತು.

"ನೀರಿಲ್ಲ, ಗುಗ್ಗೆ ಇಲ್ಲ. ಒಳಗಿವಿಗೆ ಪೆಟ್ಟು ಬಿದ್ದಿದೆ. ಕೆಲವರಿಗೆ ಹೀಗೆ ಒಂದೇ ರಾತ್ರಿಯಲ್ಲಿ ಆಗುತ್ತೆ. ಯಾಕೆ ಅಂತ ಬಹಳ ಸಲ ಗೊತ್ತಾಗಲ್ಲ. ಒಂದು ಸ್ಕ್ಯಾನ್ ಮಾಡಿಸೋಣ."

"ನಾನು ಬೆಳಿಗ್ಗಿ ಎಣ್ಣಿ ಬಿಟ್ಟಿದ್ರ?" ಎಂದಳು ತುಳಸಿ.

"ಅದರಿಂದ ಏನೂ ಆಗ್ತಿರಲಿಲ್ಲಮ್ಮ. ಎಣ್ಣೆ ಅಲ್ಲೀವರೆಗೆ ಹೋಗೋದೇ ಇಲ್ಲ."

"ಎರಡು ಸಲ ಹೇಳಿದ್ನಿ. ಬೇಕಂತನ ಕೇಳದಂಗ ಮಾಡ್ತಾರ ಅನ್ಕೊಂಡು ಸಿಟ್ಟಿಗೆದ್ನಿ" ಎಂದು ಅವಳು ಯಾರಿಗೂ ಅಲ್ಲದಂತೆ ಹೇಳಿಕೊಂಡಳು.

ಗಿರೀಶ ಕಾಗದದಿಂದ ಕಣ್ಣು ತೆಗೆಯದೆ ಕೇಳಿದ. "ಮೊದಲಿನಂಗ ಆಗತೈತ್ರಿ?"

"ಸುಳ್ಳು ಹೇಳಲ್ಲ. ಕೆಲವರಿಗೆ ಪೂರ್ತಿ ಬರುತ್ತೆ, ಕೆಲವರಿಗೆ ಸ್ವಲ್ಪ, ಕೆಲವರಿಗೆ ಬರೋದೇ ಇಲ್ಲ. ಗುಗ್ಗೆ ಇರಬೇಕು ಅಂತ ತಿಂಗಳು ಬಿಟ್ಟು ಬರೋರೇ ಜಾಸ್ತಿ. ನೀವು ಮೊದಲ ದಿನವೇ ಬಂದಿದ್ದೀರಿ. ಹೇಗೆ ಗೊತ್ತಾಯ್ತು?"

"ಕೆಲಸದಾಗ ಗೊತ್ತಾತ್ರಿ" ಎಂದ.

ಅಂದಿನಿಂದಲೇ ಮಾತ್ರೆ ಶುರುವಾಯಿತು. ಸ್ಕ್ಯಾನಿನಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ. ಎರಡನೇ ವಾರ ಕಿವಿಯ ಪರದೆಯ ಮೂಲಕವೇ ಸೂಜಿ ಹಾಕಿದರು. ಅಂಗಡಿಗೆ ಬೀಗ ಬಿತ್ತು. ಕೇಳಿದವರಿಗೆ ಜ್ವರ ಎಂದು ಹೇಳಿಸಿದ. ಮನೆಯಲ್ಲಿ ಬಲಗಿವಿಗೆ ಹತ್ತಿ ತುರುಕಿಕೊಂಡು ಗಂಟೆಗಟ್ಟಲೆ ಕೂತು ಎಡಕ್ಕೆ ಏನಾದರೂ ಬರುತ್ತದೆಯೇ ಎಂದು ಕಾಯುತ್ತಿದ್ದ. ಒಂಬತ್ತನೆಯ ದಿನ ಅದಿರು ತುಂಬಿದ ಲಾರಿಯೊಂದು ಓಣಿಯಾಚೆ ಹೋಯಿತು. ಅದರ ಗುಡುಗುಡು ಎಡಗಿವಿಗೆ ಬಂತು. ಅವನು ಎದ್ದು ಬಾಗಿಲಿಗೆ ಓಡಿದ, ಲಾರಿ ನಿಜವಾಗಿ ಇದೆಯೋ ಇಲ್ಲವೋ ನೋಡಲು. ಇತ್ತು. ಹೊಸ್ತಿಲ ಮೇಲೆ ಕೂತು ಅತ್ತ. ಮೊದಲ ದಿನದಿಂದ ಅಂದಿನವರೆಗೆ ಅತ್ತಿರಲಿಲ್ಲ.

ಎರಡು ತಿಂಗಳಿಗೆ ಅರ್ಧದಷ್ಟು ಬಂತು. ದಪ್ಪ ಸದ್ದುಗಳು ಬಂದವು. ಬಳೆ, ಚಮಚ, ಹಕ್ಕಿ, ಫೋನಿನ ರಿಂಗು ಬರಲಿಲ್ಲ. ಮಾತು ಬಂತು, ಅದು ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ. ಡಾಕ್ಟರು ಮೂರನೇ ಕಾಗದ ತೋರಿಸಿ, ಇಷ್ಟಕ್ಕೆ ನಿಲ್ಲಬಹುದು ಎಂದರು.

ಅಂಗಡಿ ತೆರೆದ. ಪ್ರಿಂಟರು, ಸಿಸಿಟಿವಿ ಕೆಲಸ ಹಿಡಿದ. ಸ್ಪೀಕರ್ ಕೆಲಸಕ್ಕೆ ಕರೆದವರಿಗೆಲ್ಲ ಸಾಮಾನು ಸಿಗುತ್ತಿಲ್ಲ ಎಂದ. ಕಂಪ್ಲಿಯ ಮನೆಯವರು, ತುಳಸಿ, ಡಾಕ್ಟರು ಇಷ್ಟು ಜನ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದು ಬೇಕಿರಲಿಲ್ಲ. ಗಿರಾಕಿಗಳು ಎಡಕ್ಕೆ ನಿಂತು ಮಾತಾಡಿದರೆ ಏನನ್ನೋ ಎತ್ತಿಕೊಳ್ಳುವವನಂತೆ ತಿರುಗುವುದನ್ನು ರೂಢಿಸಿಕೊಂಡ.

"ಹಿಂಗ ಎಷ್ಟು ದಿನ ಬಚ್ಚಿಡ್ತೀರಿ? ಕಳ್ಳತನ ಮಾಡೀರೇನು?" ಎಂದಳು ತುಳಸಿ ಒಂದು ದಿನ. ಅವನು ಕೇಳಿಸದವನ ಹಾಗೆ ಸುಮ್ಮನಿದ್ದ. ಅವಳು ಅವನ ಬಲಗಡೆಯೇ ಇದ್ದಳು.

ಆ ವಾರವೇ ಅವನು ಸದ್ದು ಅಳೆಯುವ ಮೈಕೊಂದನ್ನು ತರಿಸಿದ. ಮೈಕನ್ನು ಕುರ್ಚಿಯ ಜಾಗದಲ್ಲಿಟ್ಟರೆ ಯಾವ ಸ್ಪೀಕರ್ ಎಷ್ಟು ಜೋರಿದೆ ಎಂದು ಪರದೆಯ ಮೇಲೆ ಕಂಬಗಳಾಗಿ ತೋರಿಸುತ್ತದೆ. ಅದನ್ನು ಹಿಡಿದುಕೊಂಡು ಸಂಡೂರು ಹತ್ತಿರದ ಬಂಡ್ರಿಗೆ ಹೋದ. ಅಲ್ಲಿನ ಯಲ್ಲೇಶ್ ಗಣಿಯಲ್ಲಿ ಜೆಸಿಬಿ ಓಡಿಸುವವನು, ಹೊಸ ಮನೆ ಕಟ್ಟಿಸಿದ್ದ. ಮನೋಹರ್ ಹೇಳಿ ಕಳಿಸಿದ್ದರಿಂದ ಇಲ್ಲ ಎನ್ನಲಾಗಿರಲಿಲ್ಲ.

ಡ್ರೈವರ್ ಹಾಕಿ, 5.1 ಆರಿಸಿ, ಮೈಕನ್ನು ಕುರ್ಚಿಯ ಮೇಲೆ ನಿಲ್ಲಿಸಿದಾಗ ಯಲ್ಲೇಶ್ ಕೇಳಿದ. "ಇದೇನು, ಕಿವೀಲೆ ಕೇಳಿ ಹೇಳಾದಲ್ಲೇನು? ನಿನ್ನ ಕಿವಿ ಮಸ್ತ್ ಅಂತ ಮನೋಹರಣ್ಣ ಹಿಂದ ಭಾಳ ಸಲ ಹೇಳಿದ್ದ."

ಕಂಪ್ಲಿಯ ಕೋಣೆ ಒಮ್ಮೆಲೇ ಮೈಮೇಲೆ ಬಂದಂತಾಯಿತು. ಫ್ಯಾನು ಸದ್ದಿಲ್ಲದೆ ತಿರುಗಿದ್ದು. ಗಿರೀಶ ಮೌಸ್ ಮೇಲಿಂದ ಕೈ ತೆಗೆದ.

"ಆ ಕಿವಿ ಈಗಿಲ್ಲಣ್ಣ. ಎಡಗಡೆದು ಅರ್ಧ ಹೋಗೈತಿ. ಒಂದೇ ದಿನದಾಗ ಹೋತು."

ಯಲ್ಲೇಶ್ ಅವನನ್ನೇ ನೋಡಿದ. ಕೈಯಲ್ಲಿದ್ದ ಚಹಾದ ಲೋಟ ಬಾಯಿಗೆ ಹೋಗಲಿಲ್ಲ. "ಒಂದೇ ದಿನದಾಗ?"

"ರಾತ್ರಿ ಮಲಗಿದಾಗ ಇತ್ತು. ಬೆಳಿಗ್ಗಿ ಇರಲಿಲ್ಲ."

"ಮತ್ತ ಈ ಕೆಲಸ ಹೆಂಗ ಮಾಡ್ತೀಯಪ್ಪ?"

"ಮೈಕ್ ಐತಿ. ಬಲಗಿವಿ ಐತಿ. ನಿಮಗ ಸರಿ ಅನ್ಸದಿದ್ರ ಹೇಳ್ರಿ, ನಾ ವಾದ ಮಾಡಂಗಿಲ್ಲ."

ಯಲ್ಲೇಶ್ ಕುರ್ಚಿಯಲ್ಲಿ ಕೂತ. ಗಿರೀಶ ಒಂದೊಂದಾಗಿ ಒತ್ತಿದ. ಯಲ್ಲೇಶ್ ತಲೆ ಒಂದಿಷ್ಟು ಓರೆ ಮಾಡಿ ಕೇಳಿದ, ಇನ್ನೊಮ್ಮೆ ಒತ್ತಲು ಹೇಳಿದ. "ಎಡಗಡೆ ಮುಂದಿಂದು ಚೂರು ಸಣ್ಣಗ ಐತೇನೋ."

ಪರದೆಯ ಮೇಲೆ ಮುಂದಿನ ಎರಡೂ ಸ್ಪೀಕರಿನ ಕಂಬಗಳು ಸರಿಸಮ ಇದ್ದವು. ಗಿರೀಶ ಅವುಗಳನ್ನು ನೋಡಿದ, ಯಲ್ಲೇಶನನ್ನು ನೋಡಿದ. ಆಮೇಲೆ ವಾದ ಮಾಡದೆ ಎಡಗಡೆಯದನ್ನು ಎರಡು ಅಂಕಿ ಏರಿಸಿದ.

"ಈಗ?"

"ಈಗ ಬಂತು" ಎಂದ ಯಲ್ಲೇಶ್.